ಅಮ್ಮ ಹುಣಸೆಹಣ್ಣು ಹಾಕಿ ಉಜ್ಜಿದ 1850ರ ಪಿಸ್ತೂಲು: ಇನ್ನೇನು ಮಾಡಲಿ?

ಕನೆಕ್ಟಿಕಟ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿ ಬರೆಯುತ್ತಿದ್ದೇನೆ, ಬೈಯಬೇಡಿ.

ಹೋದ ತಿಂಗಳು ಪಕ್ಕದ ಊರಲ್ಲಿ ಒಬ್ಬ ಅಜ್ಜ ತೀರಿಕೊಂಡ ಮೇಲೆ ಅವರ ಮನೆ ಸಾಮಾನು ಮಾರಾಟಕ್ಕೆ ಇಟ್ಟಿದ್ದರು. ಕುರ್ಚಿ ನೋಡೋಕೆ ಹೋದವನು ಪಿಸ್ತೂಲು ತಗೊಂಡು ಬಂದೆ. 900 ಡಾಲರ್. ಒಂದೇ ಗುಂಡಿನದು, ಸಿಡಿಮದ್ದಿನ ಪುಟ್ಟ ತಾಮ್ರದ ಕ್ಯಾಪ್ ಇಟ್ಟು, ಅದಕ್ಕೆ ಹ್ಯಾಮರ್ ಬಡಿದು ಹೊಡೆಯುವಂಥದ್ದು. ಪಕ್ಕದ ಕಬ್ಬಿಣದ ತಟ್ಟೆಯ ಮೇಲೆ ‘ಯುಎಸ್’, ಅದರ ಕೆಳಗೆ ‘ಎಚ್. ಆಸ್ಟನ್’ ಅಂತ ಇದೆ. ಹ್ಯಾಮರ್ ಹಿಂದೆ ಮಿಡ್ಲ್‌ಟೌನ್ ಹೆಸರನ್ನು ಮೊಟಕು ಮಾಡಿ ಕೊರೆದಿದ್ದಾರೆ, ಜೊತೆಗೆ 1850. ಮಿಡ್ಲ್‌ಟೌನ್ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ನಾನು ದಿನಾ ಆಫೀಸಿಗೆ ಹೋಗುವ ಕಡೆಯೇ ಇದು ತಯಾರಾಗಿದೆ ಅಂತ ಗೊತ್ತಾದಾಗ ರೋಮಾಂಚನ ಆಯ್ತು ನೋಡಿ.

ಈಗ ಗಾಬರಿಯ ವಿಷಯ. ಅಮ್ಮ ದಾವಣಗೆರೆಯಿಂದ ಬಂದಿದ್ದಾರೆ. ಆಯುಧಪೂಜೆ ದಿನ ನಾನು ಮೀಟಿಂಗ್‌ನಲ್ಲಿದ್ದೆ. ಕೆಳಗಿಳಿದು ಬಂದು ನೋಡಿದರೆ ಕಾರಿನ ಕೀಲಿ, ಲ್ಯಾಪ್‌ಟಾಪ್, ತರಕಾರಿ ಚಾಕು, ಅವುಗಳ ಮಧ್ಯೆ ಪಿಸ್ತೂಲು. ಹಿತ್ತಾಳೆ ಭಾಗವೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ ದೇವರ ಮನೆ ದೀಪದ ಹಾಗೆ ಮಾಡಿದ್ದಾರೆ. ನಳಿಗೆಗೆ ಕೊಬ್ಬರಿ ಎಣ್ಣೆ ಸವರಿ ಮೂರು ಕಡೆ ಕುಂಕುಮ ಇಟ್ಟಿದ್ದಾರೆ. “ಎಷ್ಟು ಕಿಲುಬು ಹಿಡಿದಿತ್ತೋ, ನೀವು ನೋಡಿಕೊಳ್ಳೋದೇ ಇಲ್ಲ” ಅಂತ ನನಗೇ ಬೈಗುಳ.

ಬೆಲೆ ಬಿದ್ದು ಹೋಯ್ತಾ? ಸರಿ ಮಾಡಬಹುದಾ?

ಹಳೆ ಕಬ್ಬಿಣ

ಮೊದಲು ಉಸಿರು ಬಿಡಿ. ನಿಮ್ಮ ಅಮ್ಮ ಹಿತ್ತಾಳೆ ಮಾತ್ರ ಉಜ್ಜಿದ್ದಾರೆ. ನಾನು ಓಹಾಯೋದಲ್ಲಿ ಇಪ್ಪತ್ತು ವರ್ಷದಿಂದ ಈ ಹುಚ್ಚು ಹಚ್ಚಿಕೊಂಡಿದ್ದೇನೆ. ಇಲ್ಲಿನ ಗಂಡಸರು ಇದಕ್ಕಿಂತ ಘೋರ ಕೆಲಸ ಮಾಡಿದ್ದು ನೋಡಿದ್ದೇನೆ. ಡ್ರಿಲ್ ಮೆಷಿನ್ನಿಗೆ ತಂತಿ ಬ್ರಶ್ ಸಿಕ್ಕಿಸಿ ಅಕ್ಷರವೇ ಮಾಯವಾಗುವ ಹಾಗೆ ಉಜ್ಜಿದವರಿದ್ದಾರೆ.

ನಿಮ್ಮ ಹತ್ತಿರ ಇರೋದು 1842 ಮಾಡೆಲ್. ಅಮೆರಿಕದ ಸೇನೆ ಕ್ಯಾಪ್ ಪದ್ಧತಿಯಲ್ಲೇ ಮಾಡಿಸಿ, ಕುದುರೆ ಸವಾರರಿಗೆ ಕೊಟ್ಟ ಮೊದಲ ಪಿಸ್ತೂಲು. ಅದಕ್ಕೆ ಮುಂಚೆ ಚಕಮಕಿ ಕಲ್ಲಿನದು ಇತ್ತು. ಮಿಡ್ಲ್‌ಟೌನ್‌ನ ಹೆನ್ರಿ ಆಸ್ಟನ್‌ಗೆ 30,000ದ ಗುತ್ತಿಗೆ ಸಿಕ್ಕಿತು. ಆಮೇಲೆ ಅದೇ ಊರಿನ ಐರಾ ಜಾನ್ಸನ್ 10,000 ಮಾಡಿಕೊಟ್ಟ. ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಪಾಲ್ಮೆಟೊ ಆರ್ಮರಿ ಅಂತ ಇತ್ತು, ಅದು ಆ ರಾಜ್ಯಕ್ಕಾಗಿ ಬರೀ ಸಾವಿರ ಮಾಡಿತು. ಅದು ಸಿಕ್ಕಿದ್ದರೆ ನೀವು ಇಲ್ಲಿ ಬರೆಯುತ್ತಿರಲಿಲ್ಲ, ಸೀದಾ ಬ್ಯಾಂಕ್ ಲಾಕರಿಗೆ ಓಡುತ್ತಿದ್ದಿರಿ. ಪಾಲ್ಮೆಟೊ ಹೆಸರಿನಲ್ಲಿ ನಕಲಿಯೂ ಜಾಸ್ತಿ, ಅದು ಬೇರೆ ಮಾತು.

ಈಗ ನನಗೆ ಒಂದು ಫೋಟೋ ಬೇಕು. ಹಿತ್ತಾಳೆದಲ್ಲ. ಹಿಡಿಯ ಎಡಗಡೆ, ತಟ್ಟೆಯ ಎದುರು ಬದಿಯಲ್ಲಿ ಮರದ ಮೇಲೆ ಮುದ್ರೆ ಕಾಣುತ್ತಾ ನೋಡಿ. ಸರ್ಕಾರದ ತಪಾಸಣೆಯವರು ತಮ್ಮ ಹೆಸರಿನ ಮೊದಲಕ್ಷರ ಒತ್ತುತ್ತಿದ್ದರು. ಇನ್ನೊಂದು, ಕಬ್ಬಿಣದ ತಟ್ಟೆಯ ಅಂಚಿಗೆ ಬೆರಳು ಸವರಿ. ಮರ ಲೋಹಕ್ಕಿಂತ ಒಂದು ಕೂದಲೆಳೆ ಮೇಲಿರಬೇಕು. ತಗ್ಗಿದ್ದರೆ ಯಾರೋ ಮರಳು ಕಾಗದ ಹಾಕಿದ್ದಾರೆ ಅಂತ ಲೆಕ್ಕ.

ಸುಮ್ನೆ ನೋಡೋನು

ಒಂದು ಪೆದ್ದು ಪ್ರಶ್ನೆ. ಸೈನಿಕರೇ ಹಿತ್ತಾಳೆ ಉಜ್ಜುತ್ತಿದ್ದರಲ್ವಾ? ಸಾರ್ಜೆಂಟ್ ಬಂದು ಬೈಯುತ್ತಿದ್ದ ತಾನೇ? ಹಾಗಿದ್ರೆ ಹೊಳಪೇ ಅಸಲಿ, ಕಂದು ಬಣ್ಣವೇ ಕೊಳೆ. ಕಲೆಕ್ಟರ್‌ಗಳು ಕೊಳೆಗೆ ದುಡ್ಡು ಕೊಡ್ತಾರೆ ಅಂತಾಯ್ತು.

ಹಳೆ ಕಬ್ಬಿಣ

ಪ್ರಶ್ನೆ ಪೆದ್ದಲ್ಲ, ಸ್ವಲ್ಪ ತರಲೆ ಅಷ್ಟೆ. ನೀವು ಹೇಳಿದ್ದು ಅರ್ಧ ನಿಜ. 1842 ಮಾಡೆಲ್ಲಿನ ನಳಿಗೆಗೂ ತಟ್ಟೆಗೂ ನೀಲಿ ಬಣ್ಣ ಕೊಟ್ಟಿರಲಿಲ್ಲ. ಬೆಳ್ಳಗೆ ಹೊಳೆಯುವ ಹಾಗೇ ಕಾರ್ಖಾನೆಯಿಂದ ಬರುತ್ತಿತ್ತು. ಹಾಗಾಗಿ ಬೆಳ್ಳಗಿದ್ದರೆ ಯಾರೋ ಕೆಡಿಸಿದ್ದಾರೆ ಅಂತ ಕಣ್ಣು ಮುಚ್ಚಿ ಹೇಳೋಕಾಗಲ್ಲ.

ಆದರೆ ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ಕಾರ್ಖಾನೆಯ ಹೊಳಪಿನಲ್ಲಿ ಮೂಲೆ ಮೂಲೆ ಚೂಪಾಗಿರುತ್ತೆ, ಅಕ್ಷರದ ಅಂಚು ಉಗುರಿಗೆ ತಾಕುತ್ತೆ. ಆಮೇಲೆ ಉಜ್ಜಿದ್ದರಲ್ಲಿ ಮೂಲೆಗಳು ಸೋಪಿನ ಹಾಗೆ ನುಣ್ಣಗಾಗಿರುತ್ತವೆ, ತುಕ್ಕು ತಿಂದ ಸಣ್ಣ ಗುಳಿಗಳ ತಳದಲ್ಲಿ ಕಪ್ಪು ಉಳಿದಿರುತ್ತೆ. ಗುಳಿ ಬಿದ್ದ ಮೇಲೆ ಉಜ್ಜಿದ್ದಾರೆ ಅಂತ ಅದೇ ಸಾಕ್ಷಿ ಹೇಳುತ್ತೆ. ನಾವು ಕೊಳೆಗೆ ದುಡ್ಡು ಕೊಡಲ್ಲ ಸ್ವಾಮಿ. ಯಾರೂ ಕೈ ಹಾಕಿಲ್ಲ ಅನ್ನೋದಕ್ಕೆ ಕೊಡ್ತೀವಿ.

ಮ್ಯೂಸಿಯಂ ಅಕ್ಕ

ಲೋಹ ಸಂರಕ್ಷಣೆ ನನ್ನ ಕೆಲಸ. ಕನೆಕ್ಟಿಕಟ್ ಅವರೇ, ಹಿತ್ತಾಳೆಯ ಬಣ್ಣ ಕೆಲವು ವರ್ಷಗಳಲ್ಲಿ ತಾನೇ ಮಂಕಾಗುತ್ತೆ. ಬೇಗ ಕಪ್ಪಾಗಲಿ ಅಂತ ಯಾವ ರಾಸಾಯನಿಕವನ್ನೂ ಹಚ್ಚಬೇಡಿ. ಅದು ಉಜ್ಜಿದ್ದಕ್ಕಿಂತ ದೊಡ್ಡ ತಪ್ಪು.

ನನಗೆ ಚಿಂತೆ ಇರೋದು ಹುಣಸೆಯ ಹುಳಿ ಎಲ್ಲಿ ಇಳಿದಿದೆ ಅನ್ನೋದು. ನಳಿಗೆಯನ್ನು ಮರಕ್ಕೆ ಬಿಗಿದಿರುವ ಹಿತ್ತಾಳೆ ಪಟ್ಟಿಯ ಸಂದು, ಹಿಡಿಯ ತಳದ ಹಿತ್ತಾಳೆ ಟೋಪಿ, ಅದರ ಸ್ಕ್ರೂ ಗುಂಡಿ, ಇಲ್ಲೆಲ್ಲ ನಾರು ಸಿಕ್ಕಿಕೊಂಡಿರುತ್ತೆ. ಹುಳಿ ಅಲ್ಲೇ ಕೂತರೆ ಪಕ್ಕದ ಕಬ್ಬಿಣ ತಿನ್ನುತ್ತೆ, ಮರ ಕಪ್ಪಾಗುತ್ತೆ. ಹತ್ತಿ ಸುತ್ತಿದ ಕಡ್ಡಿಯನ್ನು ಡಿಸ್ಟಿಲ್ಡ್ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಸಂದಿ ಸಂದಿ ಒರೆಸಿ. ಆಗಲೇ ಒಣಗಿಸಿ. ಸ್ಕ್ರೂ ಬಿಚ್ಚೋಕೆ ಹೋಗಬೇಡಿ. ಮನೆಯ ಸ್ಕ್ರೂಡ್ರೈವರ್ ಆ ಗೀರಿಗೆ ಸರಿಯಾಗಿ ಕೂರಲ್ಲ, ಜಾರಿದರೆ ಗೀಚು ಶಾಶ್ವತ.

ಕೊಬ್ಬರಿ ಎಣ್ಣೆಯನ್ನೂ ತೆಗೆಯಿರಿ. ನಿಮ್ಮ ಊರಿನ ಚಳಿಗೆ ಈಗಲೇ ಬೆಳ್ಳಗೆ ಗಟ್ಟಿಯಾಗಿರಬೇಕು.

ಕನೆಕ್ಟಿಕಟ್ ಕನ್ನಡಿಗ

ಅಕ್ಕ, ಅದು ಹೇಗೆ ಗೊತ್ತಾಯ್ತು? ಕ್ಯಾಪ್ ಕೂರಿಸುವ ನಿಪ್ಪಲ್ ಸುತ್ತ ಬೆಣ್ಣೆ ಮೆತ್ತಿದ ಹಾಗಿದೆ.

ಹಳೆ ಕಬ್ಬಿಣ ಸರ್, ಮುದ್ರೆ ಇದೆ! ಟಾರ್ಚ್ ಅಡ್ಡ ಹಿಡಿದಾಗ ಕಂಡಿತು. ಮೊಟ್ಟೆಯಾಕಾರದ ಗೆರೆ, ಒಳಗೆ ಅಕ್ಷರ ಅರ್ಧ ಸವೆದಿದೆ. ಮರ ತಟ್ಟೆಗಿಂತ ತುಸು ಮೇಲಿದೆ. ನಳಿಗೆ ಕೆಳಗಿನ ಕಡ್ಡಿ ಪೂರ್ತಿ ಈಚೆ ಬರಲ್ಲ, ಕೀಲಿನ ಮೇಲೆ ತಿರುಗುತ್ತೆ. ಅದು ಸರಿನಾ?

ಹಳೆ ಕಬ್ಬಿಣ

ಸರಿ, ಸರಿ. ಕುದುರೆ ಮೇಲೆ ಕೂತು ಗುಂಡು ತುಂಬುವಾಗ ಕಡ್ಡಿ ಕೈಜಾರಿ ಬಿದ್ದರೆ ಕಥೆ ಮುಗೀತು. ಅದಕ್ಕೇ ಕೀಲು ಹಾಕಿ ಕಟ್ಟಿದ್ದಾರೆ. ಎಂಟೂವರೆ ಇಂಚಿನ ನಳಿಗೆ, ಒಳಗೆ ಸುರುಳಿ ಗೀರಿಲ್ಲ, ನುಣುಪು. ಅರ್ಧ ಇಂಚಿಗಿಂತ ದಪ್ಪ ಗುಂಡು. ದೂರದವನಿಗೆ ತಾಕಿದರೆ ಅವನ ಗ್ರಹಚಾರ. ಹತ್ತಿರದವನಿಗೆ ಸಾಕು.

900ಕ್ಕೆ ಮೋಸ ಹೋಗಿಲ್ಲ ನೀವು.

ತೀರ್ಥಹಳ್ಳಿ ಕೋವಿ

ನಾನು ಅಡಿಕೆ ತೋಟದವನು, ಅಮೆರಿಕದ ಪಿಸ್ತೂಲು ಗೊತ್ತಿಲ್ಲ. ಆದ್ರೆ ಫೋಟೋ ನೋಡಿದ ಕೂಡಲೇ ಗುರುತು ಸಿಕ್ಕಿತು ಮಾರಾಯ್ರೆ. ಇದು ನಮ್ಮ ಕೇಪಿನ ಕೋವಿಯ ತಮ್ಮ! ನಿಪ್ಪಲ್, ಅದರ ಮೇಲೆ ತಾಮ್ರದ ಕೇಪು, ಹಿಂದಿನಿಂದ ಹ್ಯಾಮರ್. ನಳಿಗೆಯ ಬಾಯಿಂದ ಮದ್ದು ಹಾಕಿ, ಗುಂಡು ಹಾಕಿ, ಗಜದಲ್ಲಿ, ಅಂದ್ರೆ ಉದ್ದ ಸಲಾಕೆಯಲ್ಲಿ, ಜಡಿಯೋದು. ಮಂಗ, ಹಂದಿ ಓಡಿಸೋಕೆ ಅಂತ ಲೈಸೆನ್ಸ್ ಇರುವ ಇಂಥ ಕೋವಿ ನಮ್ಮಲ್ಲಿ ಈಗಲೂ ಇದೆ. ಎಲೆಕ್ಷನ್ ಬಂತು ಅಂದ್ರೆ ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ ಒಪ್ಪಿಸಿ ಬರಬೇಕು, ಅದೊಂದು ಜಾತ್ರೆ.

ಒಂದು ವಿಷಯ ಯಾರೂ ಕೇಳಲಿಲ್ಲ, ನಾನು ಕೇಳ್ತೇನೆ. ಖಾಲಿ ಇದೆಯಾ ಅದು?

ಕನೆಕ್ಟಿಕಟ್ ಕನ್ನಡಿಗ

ಏನು ಖಾಲಿ?

ತೀರ್ಥಹಳ್ಳಿ ಕೋವಿ

ನಳಿಗೆ! ಒಳಗೆ ಮದ್ದು ಗುಂಡು ಇಲ್ಲ ಅಂತ ನೋಡಿದ್ರಾ? ನಮ್ಮ ಅಪ್ಪ ಅಟ್ಟದಿಂದ ಕೋವಿ ಇಳಿಸಿದರೆ ಮೊದಲು ಗಜ ಒಳಗೆ ಬಿಟ್ಟು ನೋಡ್ತಿದ್ರು. ಕಾಫಿ ಕುಡಿಯೋದೂ ಆಮೇಲೆ.

ಹಳೆ ಕಬ್ಬಿಣ

ಛೆ, ನಾನು ಮೊದಲನೇ ಮಾತಲ್ಲೇ ಕೇಳಬೇಕಿತ್ತು. ಮುದ್ರೆ, ಮರ ಅಂತ ಕೂತುಬಿಟ್ಟೆ. ಕಿವಿ ಹಿಂಡಿಕೊಂಡಿದ್ದೇನೆ.

ಕನೆಕ್ಟಿಕಟ್, ಈಗಲೇ ಮಾಡಿ. ಮರದ ಕಡ್ಡಿ ಮಾತ್ರ ತಗೊಳ್ಳಿ, ಕಬ್ಬಿಣದ್ದು ಬೇಡ. ಬಾಯಿ ಗೋಡೆ ಕಡೆ ಇರಲಿ, ಮುಖ ಪಕ್ಕಕ್ಕಿರಲಿ. ಕಡ್ಡಿಯನ್ನು ಮೆಲ್ಲಗೆ ಇಳಿಸಿ, ನಿಂತ ಕಡೆ ಬಾಯಿಯ ಅಂಚಿಗೆ ಪೆನ್ಸಿಲ್ ಗುರುತು ಹಾಕಿ. ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ಅಳೆಯಿರಿ. ಖಾಲಿ ಇದ್ದರೆ ಕಡ್ಡಿಯ ತುದಿ ಹೆಚ್ಚುಕಮ್ಮಿ ನಿಪ್ಪಲ್ ಇರುವ ಜಾಗಕ್ಕೆ ಬರುತ್ತೆ. ಒಂದು ಇಂಚು ಮುಂಚೆಯೇ ನಿಂತರೆ ಪಿಸ್ತೂಲನ್ನು ಅಲ್ಲೇ ಬಿಟ್ಟು ಇಲ್ಲಿ ಬರೆಯಿರಿ.

ಒಂಟಿ ಆರ್

ಅವರು ಅಳೆಯುವವರೆಗೆ ನಾನೊಂದು ಕಥೆ ಹೇಳಿಬಿಡ್ತೀನಿ. ನನ್ನ ಹೆಸರಿನ ಗುಟ್ಟೂ ಅದೇ.

ನಾನು ಹುಡುಕೋದು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಮಾಡಿದ ಜೇಬು ಪಿಸ್ತೂಲು. ಇಂಗ್ಲಿಷಿನಲ್ಲಿ ಅವನ ಹೆಸರಿಗೆ ಒಂದೇ ಆರ್. ಎರಡು ಆರ್ ಹಾಕಿ ಬರೆದರೆ ಅದು ಯಾರೇ ಮಾಡಿದ ಸಣ್ಣ ಪಿಸ್ತೂಲಿಗೆ ಅಂಟಿಕೊಂಡ ಹೆಸರು. 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ ಥಿಯೇಟರಿನಲ್ಲಿ ಬೂತ್ ಅನ್ನೋ ನಟ ಅಧ್ಯಕ್ಷ ಲಿಂಕನ್‌ಗೆ ಹೊಡೆದದ್ದು ಅಸಲಿ ಡೆರಿಂಜರ್‌ನಿಂದ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಈಗಲೂ ಅದೇ ಥಿಯೇಟರಿನ ಮ್ಯೂಸಿಯಂನಲ್ಲಿದೆ. ಗಾಜಿನ ಈಚೆ ನಿಂತಾಗ ನನಗೆ ಮೊದಲು ಅನಿಸಿದ್ದು, ಇಷ್ಟೇನಾ?

ಕಥೆ ಇರೋದು ನಕಲಿಯಲ್ಲಿ. ಡೆರಿಂಜರ್ ಇದಕ್ಕೆ ಪೇಟೆಂಟ್ ಮಾಡಿಸಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಹುಡುಕೋಕೆ ಜನ ನುಗ್ಗಿದ ಗಲಾಟೆಯಲ್ಲಿ ಬೇಡಿಕೆ ಜಾಸ್ತಿಯಾಯಿತು. ಅವನ ಹತ್ತಿರ ಕೆಲಸ ಮಾಡಿ ಬಿಟ್ಟವರು ಸ್ಲಾಟರ್ ಅಂಡ್ ಕಂಪನಿ ಅಂತ ಮಾಡಿಕೊಂಡು ಅದೇ ತರಹದ್ದು ಮಾಡಿದರು. ಇನ್ನೊಬ್ಬರು ಇನ್ನೂ ಜಾಣರು, ಡೆರಿಂಜರ್ ಅನ್ನೋ ಹೆಸರಿನ ಒಬ್ಬ ದರ್ಜಿಯನ್ನೇ ಹಿಡಿದು ತಂದು ಅವನ ಹೆಸರು ಹಾಕಿಕೊಂಡರು! ಬಟ್ಟೆ ಹೊಲಿಯೋನ ಹೆಸರಲ್ಲಿ ಪಿಸ್ತೂಲು. ಕೇಸು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿಗೆ ಹೋಗಿ 1865ರಲ್ಲಿ ಮುದ್ರೆ ಡೆರಿಂಜರನದೇ ಅಂತ ತೀರ್ಪಾಯಿತು. ಟ್ರೇಡ್‌ಮಾರ್ಕ್ ವಕೀಲರು ಅದನ್ನು ಇವತ್ತಿಗೂ ಓದುತ್ತಾರೆ.

ತಮಾಷೆ ಏನು ಗೊತ್ತಾ? ಅವತ್ತಿನ ನಕಲಿಗಳೂ ಈಗ ನೂರೈವತ್ತು ವರ್ಷ ಹಳೆಯವು. ಅವಕ್ಕೂ ಕಲೆಕ್ಟರ್‌ಗಳಿದ್ದಾರೆ. ನನ್ನ ಹತ್ತಿರ ಇರೋದು ಅಂಥದ್ದೇ ಒಂದು.

ಸುಮ್ನೆ ನೋಡೋನು

ಎಲ್ಲರೂ ಒಂಟಿ ಗುಂಡಿನದನ್ನೇ ಹಿಡ್ಕೊಂಡಿದ್ದೀರಿ. ಕೋಲ್ಟ್ ರಿವಾಲ್ವರ್ ಯಾಕೆ ಬೇಡ? ಸಿನಿಮಾದಲ್ಲಿ ಬರೋದು ಅದೇ ತಾನೇ.

ಹಳೆ ಕಬ್ಬಿಣ

ಬೇಕು, ಆದರೆ ಅಲ್ಲಿ ಬಲೆ ಜಾಸ್ತಿ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಪೇಟೆಂಟ್ ಪಡೆದ, ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಕಾರ್ಖಾನೆ ಹಾಕಿದ, ಮುಳುಗಿದ. 1847ರಲ್ಲಿ ಮೆಕ್ಸಿಕೋ ಯುದ್ಧ ಅವನನ್ನು ಎತ್ತಿ ನಿಲ್ಲಿಸಿತು. ಆಗ ಮಾಡಿದ ವಾಕರ್ ರಿವಾಲ್ವರ್ ಬರೀ 1,100ರಷ್ಟು. ಎರಡು ಕಿಲೋ ತೂಕ! ಪೆಟ್ಟಿಗೆ ಸಮೇತ ಇದ್ದ ಒಂದು ವಾಕರ್ 2018ರಲ್ಲಿ ರಾಕ್ ಐಲ್ಯಾಂಡ್ ಹರಾಜಿನಲ್ಲಿ 18 ಲಕ್ಷ 40 ಸಾವಿರ ಡಾಲರಿಗೆ ಹೋಯಿತು. ಅದು ನಮ್ಮ ಮಾತಲ್ಲ ಬಿಡಿ.

ನಮ್ಮಂಥವರಿಗೆ ಕೋಲ್ಟ್‌ನ 1849ರ ಪಾಕೆಟ್ ಮಾಡೆಲ್, 1851ರ ನೇವಿ ಮಾಡೆಲ್. ಪಾಕೆಟ್ ಮೂರು ಲಕ್ಷಕ್ಕೂ ಜಾಸ್ತಿ ಆದವು, ನೇವಿ ಹಾರ್ಟ್‌ಫರ್ಡ್ ಕಾರ್ಖಾನೆಯಲ್ಲೇ ಎರಡು ಲಕ್ಷ ದಾಟಿದವು. ಹಾಗಾಗಿ ಸಿಗುತ್ತವೆ. ನಾನು ಮೊದಲು ಮೋಸ ಹೋದದ್ದೂ ನೇವಿಯಲ್ಲೇ. ಆ ಗುಂಡಿನ ಉರುಳೆಯ ಮೇಲೆ ಹಡಗು ಯುದ್ಧದ ಚಿತ್ರ ಇರುತ್ತೆ. 1843ರ ಮೇ 16ರಂದು ಟೆಕ್ಸಾಸ್ ನೌಕಾಪಡೆಗೂ ಮೆಕ್ಸಿಕೋಗೂ ನಡೆದದ್ದು. ಆರ್ಮ್ಸ್‌ಬಿ ಅನ್ನೋ ಕೆತ್ತನೆಗಾರ ಅಚ್ಚು ಮಾಡಿಕೊಟ್ಟಿದ್ದ, ಅದನ್ನು ಉಕ್ಕಿನ ಮೇಲೆ ಒತ್ತಿ ಉರುಳಿಸುತ್ತಿದ್ದರು. ಗೀರು ಬಹಳ ತೆಳು, ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಬೇಗ ಹೋಗುತ್ತೆ. ನನಗೆ ಸಿಕ್ಕಿದ್ದರಲ್ಲಿ ಹಡಗಿನ ಹಗ್ಗ ಎಣಿಸಬಹುದಿತ್ತು. ಖುಷಿಯಲ್ಲಿ ದುಡ್ಡು ಸುರಿದೆ. ಮನೆಗೆ ಬಂದು ದೀಪದ ಕೆಳಗೆ ಹಿಡಿದಾಗ ಹೊಳೆಯಿತು. ನಳಿಗೆಯ ಮೂಲೆಗಳೆಲ್ಲ ಸವೆದು ದುಂಡಗಾಗಿವೆ, ಚಿತ್ರ ಮಾತ್ರ ನಿನ್ನೆ ಕೊರೆದ ಹಾಗಿದೆ! ಯಾರೋ ಹೊಸದಾಗಿ ಒತ್ತಿದ್ದರು. ಒಂದೇ ಚೀಲದಲ್ಲಿ ಓಡಾಡಿದ ಎರಡು ಭಾಗ ಬೇರೆ ಬೇರೆ ತರಹ ಸವೆಯುತ್ತವಾ? ಮಾರಿದವನು ಕೈ ತೊಳೆದುಕೊಂಡ.

ಅವತ್ತಿನಿಂದ ನಾನು ಚಿತ್ರ ಆಮೇಲೆ ನೋಡ್ತೀನಿ, ನಂಬರ್ ಮೊದಲು. ನಳಿಗೆ, ಚೌಕಟ್ಟು, ಟ್ರಿಗರ್ ಸುತ್ತಿನ ಪಟ್ಟಿ, ಹಿಡಿಯ ಪಟ್ಟಿ, ಉರುಳೆ, ಎಲ್ಲ ಕಡೆ ಒಂದೇ ನಂಬರ್ ಇರಬೇಕು. ನಳಿಗೆ ಹಿಡಿದಿಡುವ ಬೆಣೆ ಮಾತ್ರ ಬೇರೆ ಇದ್ದರೆ ಬೇಸರ ಬೇಡ, ಅದು ಸುಲಭವಾಗಿ ಕಳೆದುಹೋಗೋ ವಸ್ತು. ಹಿತ್ತಾಳೆ ಚೌಕಟ್ಟಿನದು ಕಂಡರೆ ಇನ್ನೂ ಹುಷಾರು. ಅಮೆರಿಕದ ಅಂತರ್ಯುದ್ಧದಲ್ಲಿ ಜಾರ್ಜಿಯಾದ ಗ್ರಿಸ್ವೋಲ್ಡ್ ಕಾರ್ಖಾನೆ ದಕ್ಷಿಣದವರಿಗೆ ಅಂಥದ್ದು 3,600ರಷ್ಟು ಮಾಡಿತು, 1864ರ ನವೆಂಬರಿನಲ್ಲಿ ಉತ್ತರದ ಸೇನೆ ಅದನ್ನು ಸುಟ್ಟುಹಾಕಿತು. ಹತ್ತರಲ್ಲಿ ಒಂಬತ್ತು ಸಲ ನಿಮಗೆ ತೋರಿಸೋದು ಇಟಲಿಯಲ್ಲಿ ಮಾಡಿದ ಹೊಸದು, ಉಪ್ಪುನೀರಲ್ಲಿ ನೆನೆಸಿ ವಯಸ್ಸು ಬರಿಸಿದ್ದು. ಇಟಲಿಯ ತಪಾಸಣೆ ಮುದ್ರೆ ಇರಬೇಕಾದ ಕಡೆ ಅರದಿಂದ ಉಜ್ಜಿದ ತಗ್ಗು ಕಂಡರೆ ನಮಸ್ಕಾರ ಹೇಳಿ ಬನ್ನಿ.

ಕಾನೂನು ಕಣ್ಣು

ಮಧ್ಯೆ ಬಾಯಿ ಹಾಕ್ತೀನಿ. ಇಲ್ಲಿ ಎಚ್1ಬಿ ಮೇಲೆ ಇರೋರು ಎಷ್ಟೋ ಜನ ಓದುತ್ತಿರುತ್ತಾರೆ. 1968ರ ಕೇಂದ್ರ ಕಾನೂನಿನ ಪ್ರಕಾರ 1898 ಅಥವಾ ಅದಕ್ಕೆ ಮುಂಚೆ ತಯಾರಾದದ್ದು ‘ಆಂಟಿಕ್’, ಅದು ಬಂದೂಕಿನ ಲೆಕ್ಕಕ್ಕೇ ಬರಲ್ಲ. ಆದರೆ ರಾಜ್ಯ ರಾಜ್ಯಕ್ಕೆ ಕಾನೂನು ಬೇರೆ. ವೀಸಾ ಮೇಲಿರೋರು ವಕೀಲರನ್ನು ಕೇಳದೆ ಕೊಳ್ಳಬೇಡಿ.

ಮುಖ್ಯವಾಗಿ, ಊರಿಗೆ ತಗೊಂಡು ಹೋಗಿ ಶೋಕೇಸಿನಲ್ಲಿ ಇಡೋ ಯೋಚನೆ ಇದ್ದರೆ ಬಿಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಳೆ ಕಾಲದ್ದಕ್ಕೆ ವಿನಾಯಿತಿ ಇದೆ, ಆದರೆ ರಿಪೇರಿ ಮಾಡಿದರೂ ಹೊಡೆಯೋಕೆ ಆಗದಂಥದ್ದಕ್ಕೆ ಮಾತ್ರ. ಈ ಆಸ್ಟನ್ ರಿಪೇರಿಯೇ ಇಲ್ಲದೆ ಹೊಡೆಯುತ್ತೆ. ಲೈಸೆನ್ಸ್ ಇಲ್ಲದೆ ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಇಳಿದರೆ ನಿಮ್ಮ ಕಥೆ ಬೇರೆ ಪುಟದಲ್ಲಿ ಬರುತ್ತೆ.

ಕನೆಕ್ಟಿಕಟ್ ಕನ್ನಡಿಗ

ಗ್ರೀನ್ ಕಾರ್ಡ್ ಇದೆ, ಆ ಚಿಂತೆ ಇಲ್ಲ. ಚಿಂತೆ ಬೇರೆ ಬಂದಿದೆ.

ಕಡ್ಡಿ ಇಳಿಸಿದೆ. ಎರಡು ಸಲ ಅಳೆದೆ. ನಿಪ್ಪಲ್‌ಗಿಂತ ಒಂದೂಕಾಲು ಇಂಚು ಮುಂಚೆ ನಿಲ್ಲುತ್ತಿದೆ. ತಟ್ಟಿದರೆ ಟಕ್ ಟಕ್ ಅನ್ನಲ್ಲ, ಮೆತ್ತಗೆ ದಪ್ ಅನ್ನುತ್ತೆ.

ಪಿಸ್ತೂಲು ಗ್ಯಾರೇಜಿನಲ್ಲಿದೆ. ಅಮ್ಮನಿಗೆ ಹೇಳಿಲ್ಲ.

ತೀರ್ಥಹಳ್ಳಿ ಕೋವಿ

ದಪ್ ಅಂದ್ರೆ ಸೀಸ. ಇಲ್ಲಾ ಕಣಜದ ಹುಳ ಗೂಡು ಕಟ್ಟಿದ ಮಣ್ಣು. ಎರಡರಲ್ಲೊಂದು. ಕೇಪು ಇಡದೆ ತಾನಾಗಿ ಸಿಡಿಯೋದು ಕಷ್ಟ. ಆದ್ರೆ ಮದ್ದಿಗೆ ವಯಸ್ಸಾಗಲ್ಲ, ಒಣಗಿದ್ದರೆ ನಿನ್ನೆ ಹಾಕಿದ ಹಾಗೇ ಇರುತ್ತೆ. ಹ್ಯಾಮರ್ ಎತ್ತಬೇಡಿ. ನೀವೇ ತೋಡೋಕೆ ಹೋಗಬೇಡಿ.

ಹಳೆ ಕಬ್ಬಿಣ

ಅವರು ಹೇಳಿದ್ದೇ. ಕಪ್ಪು ಮದ್ದಿನ ಕೋವಿ ಹೊಡೆಯುವ ಕ್ಲಬ್ ನಿಮ್ಮ ಹತ್ತಿರ ಖಂಡಿತ ಇರುತ್ತೆ. ಫೋನ್ ಮಾಡಿ, ಪಿಸ್ತೂಲು ತರೋದಾ ಅವರೇ ಬರ್ತಾರಾ ಅಂತ ಕೇಳಿ. ಅವರ ಹತ್ತಿರ ಗುಂಡು ಕೀಳುವ ತಿರುಪು ಇರುತ್ತೆ.

ಕನೆಕ್ಟಿಕಟ್ ಕನ್ನಡಿಗ (ಐದು ದಿನ ಬಿಟ್ಟು)

ಬಂದೆ. ಕ್ಲಬ್ಬಿನಿಂದ ಒಬ್ಬ ಹಿರಿಯರು ಮನೆಗೇ ಬಂದರು. ಮೊದಲು ನಳಿಗೆ ಮೇಲೆ ಮಾಡಿ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿಟ್ಟರು. ಮದ್ದು ಕೆಡಲಿ ಅಂತ. ಮರುದಿನ ಉದ್ದ ಸಲಾಕೆಯ ತುದಿಯಲ್ಲಿ ಮರಕ್ಕೆ ಹಾಕುವ ಸ್ಕ್ರೂ ತರಹದ್ದು ಸಿಕ್ಕಿಸಿ ಮೆಲ್ಲಗೆ ತಿರುಗಿಸಿದರು. ಮೊದಲು ಬಂದದ್ದು ಬೂದು ಬಣ್ಣದ ಕಾಗದದ ಉಂಡೆ. ಆಮೇಲೆ ಸ್ಕ್ರೂ ಕಚ್ಚಿಕೊಂಡಿತು. ಅವರು ಎಳೆದರು, ನಾನು ಪಿಸ್ತೂಲು ಹಿಡಿದಿದ್ದೆ. ಬಾಟಲಿ ಬಿರಡೆ ಬಂದ ಹಾಗೆ ಪಟಕ್ಕನೆ ಬಂತು.

ಸೀಸದ ಗುಂಡು. ತೂಕ 14 ಗ್ರಾಂ, ಸುತ್ತ ಬೆಳ್ಳಗೆ ಪುಡಿ. ಹಿಂದೆ ಮದ್ದು, ಎಣ್ಣೆಯಲ್ಲಿ ಕಲಸಿದ ರಾಗಿ ಹಿಟ್ಟಿನ ಹಾಗೆ ಕಪ್ಪಗೆ. ಯಾರು, ಯಾವಾಗ ತುಂಬಿದ್ದೋ ದೇವರಿಗೇ ಗೊತ್ತು.

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಹಿರಿಯರಿಗೆ ಕಾಫಿ ಕೊಟ್ಟರು. ಅವರು ಹೋದ ಮೇಲೆ ಒಂದೇ ಪ್ರಶ್ನೆ, “ಇದನ್ನ ನನ್ನ ಕೈಗೆ ಸಿಗೋ ಹಾಗೆ ಯಾಕೆ ಇಟ್ಟಿದ್ದೆ?” ಉತ್ತರ ಇರಲಿಲ್ಲ.

ಗುಂಡನ್ನು ಎಸೆಯೋಕೆ ಮನಸ್ಸಿಲ್ಲ. ಪಿಸ್ತೂಲಿನ ಜೊತೆಗೇ ಇಡೋಣ ಅಂತ ಒಂದು ಚೆಂದದ ಓಕ್ ಮರದ ಪೆಟ್ಟಿಗೆ ನೋಡಿದ್ದೇನೆ. ಆಗುತ್ತಾ?

ಮ್ಯೂಸಿಯಂ ಅಕ್ಕ

ಗುಂಡು ಇಟ್ಟುಕೊಳ್ಳಿ, ಓಕ್ ಪೆಟ್ಟಿಗೆ ಬೇಡ. ಓಕ್ ಮರದಿಂದ ಹುಳಿ ಆವಿ ಬರುತ್ತಾ ಇರುತ್ತೆ, ಸೀಸಕ್ಕೆ ಅದು ವಿಷ. ಆ ಬಿಳಿ ಪುಡಿ ಇನ್ನೂ ಜಾಸ್ತಿಯಾಗಿ ಗುಂಡೇ ಕರಗುತ್ತಾ ಹೋಗುತ್ತೆ. ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಊದಬೇಡಿ. ಮುಚ್ಚಳ ಇರುವ ಸಣ್ಣ ಗಾಜಿನ ಶೀಶೆಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ. ಎಲ್ಲಿಂದ ಬಂತು, ಯಾವ ದಿನ ತೆಗೆದದ್ದು ಅಂತ ಬರೆದಿಡಿ. ಕಾಗದದ ಉಂಡೆಯನ್ನು ಬಿಚ್ಚೋಕೆ ಹೋಗಿಲ್ಲ ತಾನೇ? ಅದರ ಮೇಲೆ ಅಚ್ಚಿನ ಅಕ್ಷರ ಇದ್ದರೂ ಇರಬಹುದು. ಫೋಟೋ ಹಾಕಿ, ನೋಡೋಣ.